ಬನಶಂಕರಿ ಅಮ್ಮನ ಕಡೆಗೆ

ಮೊನ್ನೆ ಬಚ್ಚಲಮನೆಯ ನಲ್ಲಿ ರಿಪೇರಿಗೆ ಬಂದವರು ಪೈಪಿನ ತಿರುಪಿಗೆ ಸೆಣಬಿನ ನಾರು ಸುತ್ತಿ, ಅದರ ಮೇಲೆ ಪೇಂಟು ಬಳಿದರು. ಈಗೆಲ್ಲ ಬಿಳಿ ಟೇಪು ಸುತ್ತುತ್ತಾರೆ. ಇವರದು ಹಳೆಯ ಕೈ ಇರಬೇಕು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಫಿಟ್ಟರ್ ನೆನಪಾದರು. ನೆನಪಾದರು ಅನ್ನುವುದೂ ಸುಳ್ಳೇ. ಅವರನ್ನು ಮರೆತಿದ್ದರೆ ತಾನೇ...

ತೊಂಬತ್ತರ ದಶಕದ ಕೊನೆಯ ಮಾತು. ನಾನು ಶಕ್ತಿ ತಂತ್ರಜ್ಞಾನದಲ್ಲಿ ಎಂ.ಟೆಕ್ ಓದುತ್ತಿದ್ದೆ. ಬಿಸಿಲು, ಗಾಳಿ, ಗೋಬರ್ ಗ್ಯಾಸು ಎಂದು ಓದಿದವಳಿಗೆ ಯಾರು ಕೆಲಸ ಕೊಡುತ್ತಾರೆ ಎಂದು ಚಾಮರಾಜಪೇಟೆಯ ನೆಂಟರೆಲ್ಲ ಗೇಲಿ ಮಾಡುತ್ತಿದ್ದರು. ಹಳೆಯ ಬಡಾವಣೆಗಳಲ್ಲಿ ತಾರಸಿಯ ಮೇಲೆ ಸೋಲಾರ್ ಹೀಟರ್ ಇದ್ದೂ ಕೆಲವು ಮನೆಗಳಲ್ಲಿ ನೀರು ಯಾಕೆ ಸರಿಯಾಗಿ ಕಾಯುವುದಿಲ್ಲ ಎಂಬುದು ನನ್ನ ಪ್ರಬಂಧದ ವಿಷಯ. ಹೀಟರ್ ಮಾರುವ ಕಂಪನಿಯೊಂದು ಮನೆ ತೋರಿಸಲು ತನ್ನ ಫಿಟ್ಟರನ್ನೇ ಜೊತೆಗೆ ಕಳಿಸಿತು. ಆ ಮನೆಗಳಿಗೆ ಹೀಟರ್ ಕೂರಿಸಿದ್ದವರೂ ಅವರೇ. ಓಕಳಿಪುರದವರು, ಐವತ್ತರ ಆಸುಪಾಸು. ಮೆಟ್ಟಿಲಿಲ್ಲದ ತಾರಸಿಗೆ ಏಣಿ ಹಿಡಿದು ನನ್ನನ್ನು ಹತ್ತಿಸುವಾಗ ತಾವು ಬೇರೆ ಕಡೆ ಮುಖ ತಿರುಗಿಸಿ ನಿಲ್ಲುತ್ತಿದ್ದರು.

ಹೀಟರಿನ ಹಲಗೆ ದಕ್ಷಿಣಕ್ಕೆ ಮುಖ ಮಾಡಿದ್ದರೆ ನಮ್ಮೂರಲ್ಲಿ ಬಿಸಿಲು ಚೆನ್ನಾಗಿ ಸಿಗುತ್ತದೆ. ಆದರೆ ಮನೆಯ ಹಿರಿಯರಿಗೆ ದಕ್ಷಿಣವೆಂದರೆ ಯಮನ ದಿಕ್ಕು. ಹೊಸ ವಸ್ತುವನ್ನು ತಂದು ಆ ಕಡೆ ತಿರುಗಿಸಿ ಇಡುವುದುಂಟೇ? ಅದಕ್ಕೇ ಫಿಟ್ಟರ್ ಯಾರ ಮನೆಯಲ್ಲೂ ದಕ್ಷಿಣ ಎಂಬ ಮಾತನ್ನೇ ಎತ್ತುತ್ತಿರಲಿಲ್ಲ. "ಬನಶಂಕರಿ ಅಮ್ಮನ ಕಡೆ ತಿರುಗ್ಸಿ ಇಡ್ತೀನಿ ಸ್ವಾಮಿ, ಒಳ್ಳೇದಾಗ್ತದೆ" ಎನ್ನುತ್ತಿದ್ದರು. ಆ ಅಮ್ಮನ ಗುಡಿ ಇರುವುದೂ ಊರಿನ ದಕ್ಷಿಣಕ್ಕೇ. ಬಹಳ ಮಂದಿ ಒಪ್ಪಿಬಿಡುತ್ತಿದ್ದರು. ಕೆಲವರು ಮಾತ್ರ ಜಪ್ಪಯ್ಯ ಅಂದರೂ ಒಪ್ಪದೆ ಪೂರ್ವಕ್ಕೇ ಇಡಿಸಿಕೊಂಡಿದ್ದರು. ನೀರು ಕಾಯದ ಮನೆಗಳು ಹೆಚ್ಚಾಗಿ ಅವೇ. ಬಸವನಗುಡಿಯ ಅಜ್ಜಿಯೊಬ್ಬರು ನನ್ನೆದುರೇ ಹೇಳಿದರು: "ಅವನು ಬೇಡ ಬೇಡ ಅಂದ ಕಣೇ. ನಾನೇ ಹಟ ಮಾಡಿ ಪೂರ್ವಕ್ಕೆ ಇಡಿಸ್ದೆ."

ಇಷ್ಟು ಕೇಳಿಸಿಕೊಂಡ ನಾನು ಬರೆದದ್ದೇನು? ನನ್ನ ಕೋಷ್ಟಕದಲ್ಲಿ ಕಾರಣಗಳಿಗೆ ಮೂರೇ ಕಾಲಂ: ಉಪಕರಣದ ದೋಷ, ನೀರಿನ ದೋಷ, ಜೋಡಿಸಿದವರ ತಪ್ಪು. ಯಮನ ದಿಕ್ಕಿಗೆ ಕಾಲಂ ಇರಲಿಲ್ಲ. ಇನ್ನೊಂದು ಗೆರೆ ಎಳೆದಿದ್ದರೆ ಆಗುತ್ತಿತ್ತು. ಎಂ.ಟೆಕ್ ಪ್ರಬಂಧದಲ್ಲಿ ಯಮನೇ ಎಂದು ಪರೀಕ್ಷಕರು ನಕ್ಕುಬಿಟ್ಟಾರು ಎಂಬ ನಾಚಿಕೆ ನನಗೆ. ಆ ಮನೆಗಳನ್ನೆಲ್ಲ ಮೂರನೆಯ ಕಾಲಮ್ಮಿಗೆ ತುಂಬಿ, ಫಿಟ್ಟರಿಗೆ ದಿಕ್ಕಿನ ಜ್ಞಾನವೂ ಇಲ್ಲ ಎಂದು ಇಂಗ್ಲಿಷಿನಲ್ಲಿ ಷರಾ ಬರೆದೆ. ಒಂದು ಪ್ರತಿ ಕಂಪನಿಗೂ ಹೋಯಿತು.

ಹದಿನೈದು ದಿನಕ್ಕೆ ಅವರು ನಮ್ಮ ಮನೆ ಬಾಗಿಲಿಗೆ ಬಂದರು. ಕೂತ್ಕೊಳ್ಳಿ ಎಂದರೂ ಕೂರಲಿಲ್ಲ.

"ಕಂಪ್ನೀಲಿ ಇನ್ಮೇಲೆ ಬರ್ಬೇಡ ಅಂದ್ಬಿಟ್ರಮ್ಮ. ನಿಮ್ ಬುಕ್ಕಲ್ಲಿ ನನ್ ಬಗ್ಗೆ ಏನೋ ಐತಂತೆ. ವಸಿ ಓದಿ ಹೇಳ್ತೀರಾ?"

ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನನ್ನ ಮೌಖಿಕ ಪರೀಕ್ಷೆಗೆ ಇನ್ನೊಂದು ವಾರವಿತ್ತು. ಒಳಗಿನಿಂದ ಪ್ರಬಂಧ ತಂದು, ಕೋಷ್ಟಕದ ಪುಟ ಬಿಟ್ಟು, ಮೊದಲಲ್ಲಿದ್ದ ಕೃತಜ್ಞತೆಯ ಸಾಲು ಓದಿ ಅರ್ಥ ಹೇಳಿದೆ. ಅವರ ಹೆಸರು, ಅವರ ಸಹಾಯವಿಲ್ಲದೆ ಈ ಕೆಲಸ ಆಗುತ್ತಿರಲಿಲ್ಲ ಎಂಬ ಮಾತು. ಅಷ್ಟೇ ಓದಿ ಮುಚ್ಚಿದೆ.

ಅವರ ಮುಖ ಅರಳಿತು. "ನನ್ ಹೆಸ್ರು ಅಚ್ಚಾಗೈತಾ? ಹಂಗಾದ್ರೆ ಅವ್ರೇ ಏನೋ ತಪ್ಪು ತಿಳ್ಕೊಂಡವ್ರೆ. ಹೋಗಿ ಹೇಳ್ತೀನಿ" ಎಂದು ನನಗೇ ಕೈಮುಗಿದು ಹೊರಟರು. ಅಲ್ಲಿ ಯಾರು ಏನು ಓದಿ ಹೇಳಿದರೋ... ಮತ್ತೆ ನಮ್ಮ ಬೀದಿಗೆ ಅವರು ಬರಲಿಲ್ಲ. ನಾನೂ ಓಕಳಿಪುರಕ್ಕೆ ಹೋಗಲಿಲ್ಲ. ಪರೀಕ್ಷೆ ಮುಗಿಯಲಿ ಎಂದುಕೊಂಡೆ, ಆಮೇಲೆ ಕೆಲಸ ಸಿಗಲಿ ಎಂದುಕೊಂಡೆ. ಕೆಲಸವೂ ಸಿಕ್ಕಿತು. ಕೆಲವು ವರ್ಷಗಳ ಮೇಲೆ ಬೇರೊಬ್ಬ ಫಿಟ್ಟರ್ ಮಾತಿನ ನಡುವೆ, ಅವರು ಕೊನೆಗೆ ಯಾವುದೋ ಛತ್ರದಲ್ಲಿ ವಾಚ್‌ಮನ್ ಆಗಿದ್ದರೆಂದೂ, ತೀರಿಕೊಂಡು ಬಹಳ ದಿನವಾಯಿತೆಂದೂ ಹೇಳಿದ.

ಈಗ ಇದೇ ಕ್ಷೇತ್ರದಲ್ಲಿ ಕೆಲಸಕ್ಕೆ ಹೋಗುವ ಮಕ್ಕಳಿಗೆ ನಾನು ಪಾಠ ಮಾಡುತ್ತೇನೆ. ಹೋದ ತಿಂಗಳು ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಬಂಧಕ್ಕೆ ನನ್ನ ಆ ಕೋಷ್ಟಕವನ್ನೇ ಆಧಾರ ಮಾಡಿಕೊಂಡು ತಂದಳು. ಇದು ತಪ್ಪು, ತೆಗೆದುಬಿಡು ಎಂದೆ.

"ನಿಮ್ದೇ ಅಲ್ವಾ ಮೇಡಂ?"

ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡು, "ಅವ್ರ ಹತ್ರ ತಪ್ಪಾಯ್ತು ಅಂತ ಹೇಳಿದ್ರಾ ಮೇಡಂ?" ಎಂದಳು.

ಇಲ್ಲಮ್ಮ, ಎಂದೆ. ಈಗ ಹೇಳೋಣವೆಂದರೆ ಅವರಿಲ್ಲ.