ನೂರ ಇಪ್ಪತ್ತೈದನ್ನು ಎಂಟಕ್ಕೆ ಇಳಿಸಿದಾಕೆ

ಬೆಳಗ್ಗೆ ಐದೂವರೆ. ದೋಣಿ ವಿನ್ಯಾಸ ಕಚೇರಿಯ ಹಿಂಬದಿಯ ಕಿಟಕಿಯಿಲ್ಲದ ಕೋಣೆಯಲ್ಲಿ, ಬೀರುವಿನಷ್ಟೆತ್ತರದ ಕಂಪ್ಯೂಟರುಗಳ ನಡುವೆ, ನಲವತ್ತೇಳರ ಹೆಂಗಸೊಬ್ಬರು ಸ್ವೆಟರ್ ತೊಟ್ಟು ನಿಂತಿದ್ದಾರೆ. ಒಂದು ಕೈಯಲ್ಲಿ ಬ್ರಷ್ಷು, ಇನ್ನೊಂದರಲ್ಲಿ ಪೆನ್ಸಿಲ್ಲು. ಫ್ಯಾನಿನ ಜಾಲರಿಯ ಧೂಳು ತೆಗೆಯುತ್ತಾರೆ, ಪರದೆ ನೋಡುತ್ತಾರೆ, ಅಂಕಿ ಬರೆದುಕೊಳ್ಳುತ್ತಾರೆ. ಹುದ್ದೆಯ ಹೆಸರು ಯಂತ್ರಕೋಣೆ ಸಹಾಯಕಿ. ಕಚೇರಿಯವರ ಬಾಯಲ್ಲಿ ‘ಲೆಕ್ಕದಕ್ಕ’. ಗೇಲಿಗೆಂದು ಇಟ್ಟ ಹೆಸರು ಅದು. ಈಗ ಹಾಗೆ ಕರೆದು ಯಾರಾದರೂ ನಗಲಿ, ನೋಡೋಣ!

ಹದಿನಾರಕ್ಕೇ ಶಾಲೆ ಬಿಟ್ಟವರು. ದೋಣಿ ಕಟ್ಟುವ ಶೆಡ್ಡಿನಲ್ಲಿ ಹನ್ನೆರಡು ವರ್ಷ ನೆಲದ ಮೇಲೆ ಮಂಡಿಯೂರಿ, ತೆಳು ಮರದ ಪಟ್ಟಿ ಬಗ್ಗಿಸಿ, ಅಲ್ಲಲ್ಲಿ ಸೀಸದ ತೂಕವಿಟ್ಟು, ದೋಣಿಯ ಹೊಟ್ಟೆಯ ಗೆರೆ ಎಳೆದರು. ಆ ಪಟ್ಟಿಗೆ ಸ್ಪ್ಲೈನ್ ಎನ್ನುತ್ತಾರೆ. ಕಂಪ್ಯೂಟರು ಬಂದು ಶೆಡ್ಡಿನ ಕೆಲಸ ಹೋಯಿತು. ಪಟ್ಟಿಯ ಹೆಸರು ಮಾತ್ರ, ಬಾಗಿದ ಆಕಾರ ಬರೆಯುವ ಸೂತ್ರದ ಹೆಸರಾಗಿ, ಕಂಪ್ಯೂಟರಿನೊಳಗೆ ಹೋಗಿ ಕೂತಿತು. ಇವರೂ ಬಿಡಲಿಲ್ಲ. ಫ್ಯಾನು ಒರೆಸುವ ಕೆಲಸ ಹಿಡಿದು, ಒರೆಸುತ್ತ ಒರೆಸುತ್ತಲೇ ಪ್ರೋಗ್ರಾಂ ಬರೆಯುವುದನ್ನು ಕಲಿತರು.

ಕಳೆದ ವರ್ಷ ನದಿ ದಾಟಿಸುವ ದೋಣಿಯ ಪ್ರೊಪೆಲರ್ ಅಲಗು ಮೂರನೇ ಸಲ ನಡುನೀರಿನಲ್ಲಿ ಸೀಳಿತು. ಆ ದೋಣಿಯಲ್ಲಿ ದಿನಕ್ಕೆ ನಾನೂರು ಜನ. ಎಂಜಿನ್ ನೋಡಿಕೊಳ್ಳುವವನು ಇವರ ಸ್ವಂತ ತಮ್ಮ. ಹೊಸ ಅಲಗಿನ ಆಕಾರ ನಡುಕ ತಡೆಯುತ್ತದೋ ಇಲ್ಲವೋ ಎಂದು ಲೆಕ್ಕ ಹಾಕಬೇಕಿತ್ತು. ಕಂಪ್ಯೂಟರಿನಲ್ಲಿ ಅಲಗನ್ನು ಲಕ್ಷ ತುಂಡು ಮಾಡಿ, ಒಂದೊಂದು ತುಂಡಿನೊಳಗೂ ನೂರ ಇಪ್ಪತ್ತೈದು ಬಿಂದುಗಳಲ್ಲಿ ಎಣಿಸುವ ವಿಧಾನ. ಉತ್ತರಕ್ಕೆ ಹನ್ನೊಂದು ದಿನ ಬೇಕು. ಎರಕದವರು ಕೊಟ್ಟದ್ದು ಶನಿವಾರದವರೆಗೆ, ಬರೀ ನಾಲ್ಕು ದಿನ. ತಪ್ಪಿದರೆ ಹಳೆಯ ಆಕಾರವನ್ನೇ ಹೊಯ್ಯುವುದೆಂದು ಮುಖ್ಯ ಎಂಜಿನಿಯರ್ ಸಹಿ ಹಾಕಿಬಿಟ್ಟಿದ್ದರು. ಸೀಳುತ್ತದೆಂದು ಗೊತ್ತಿರುವ ಅಲಗಿಗೆ ಸಹಿ!

“ನಾನು ಕೇಳಿದೆ, ತುಂಡಿಗೆ ನೂರ ಇಪ್ಪತ್ತೈದು ಯಾಕೆ ಸರ್ ಅಂತ. ಪುಸ್ತಕದಲ್ಲಿದೆ ಅಂದ್ರು,” ಎಂದು ಲೆಕ್ಕದಕ್ಕ ಜಾಲರಿ ಕೊಡವುತ್ತಾರೆ. “ಪುಸ್ತಕದಲ್ಲಿರೋದು ಬಿಡಿಬಿಡಿಯಾಗಿರೋ ತುಂಡಿಗೆ. ಸ್ಪ್ಲೈನಿನ ತುಂಡುಗಳು ಒಂದಕ್ಕೊಂದು ನಯವಾಗಿ ಬೆಸ್ಕೊಂಡಿರ್ತವೆ. ಈ ತುಂಡಿನ ಸುದ್ದಿ ಪಕ್ಕದ ತುಂಡಿಗೂ ಗೊತ್ತಿರತ್ತೆ. ಎಲ್ಲರನ್ನೂ ಅದೇ ಪ್ರಶ್ನೆ ಯಾಕೆ ಕೇಳ್ಬೇಕು? ದಿಕ್ಕಿಗೆ ಐದರ ಬದಲು ಎರಡು ಬಿಂದು ಸಾಕು. ಮೂರು ದಿಕ್ಕಿಗೆ ಎರಡೆರಡ್ಲಿ ಗುಣಿಸಿದ್ರೆ ಎಂಟು.”

ಮುಖ್ಯ ಎಂಜಿನಿಯರ್ ಆಗ ಹೇಳಿದ್ದು: “ಅಮ್ಮಾ, ಧೂಳು ಹೊಡೆಯೋಕೆ ಬಂದೋರು ಸೂತ್ರಕ್ಕೆ ಕೈ ಹಾಕ್ಬೇಡಿ.”

ಇವರು ಹೇಳಿದ್ದು: “ಸೂತ್ರಕ್ಕೆ ಹಾಕಿಲ್ಲ ಸರ್. ಎಣಿಸೋ ರೀತಿಗೆ ಹಾಕಿದೀನಿ.”

ಗುರುವಾರ ಮಧ್ಯಾಹ್ನ ಆ ಎಂಟರ ಲೆಕ್ಕದ ಮೊದಲ ಪರೀಕ್ಷೆ. ಪರದೆಯ ಮೇಲೆ ಅಲಗಿನ ಅಂಚು ಒಣಹಾಕಿದ ಬಟ್ಟೆಯಂತೆ ಪಟಪಟ ಬಡಿದುಕೊಂಡಿತು. ಕೋಣೆ ತುಂಬ ನಗು. ಫೋನಿನಲ್ಲಿ ತಮ್ಮ, “ಏನಕ್ಕಾ, ನಾನೀಗಲೇ ಈಜು ಕಲೀಲಾ?” ಎಂದನಂತೆ. “ಬಾಯಿ ಮುಚ್ಕೊಂಡು ಎಣ್ಣೆ ಹಾಕು ಹೋಗು,” ಎಂದು ಇವರು ಫೋನಿಟ್ಟರು. ಆದರೆ ಮುಖ ಸಣ್ಣಗಾಗಿತ್ತು.

ತಪ್ಪು ತಿಳಿದದ್ದು ತಲೆಗಿಂತ ಮೊದಲು ಕೈಗೆ. ಶೆಡ್ಡಿನಲ್ಲಿ ಪಟ್ಟಿಯ ನಡುವೆ ತೂಕ ವಿರಳವಾಗಿಡುತ್ತಿದ್ದರು, ತುದಿಯಲ್ಲಿ ಒತ್ತೊತ್ತಾಗಿ. ಯಾಕೆಂದರೆ ತುದಿಗೆ ಆಸರೆಯಾಗಲು ಆಚೆ ಪಕ್ಕದವರಿಲ್ಲ. ಕಂಪ್ಯೂಟರಿನಲ್ಲಿ ಇವರು ಅಂಚಿನಲ್ಲೂ ಬಿಂದು ಕಡಿಮೆ ಮಾಡಿದ್ದರು! ಅಂಚಿನ ತುಂಡುಗಳಿಗೆ ಬಿಂದುಗಳನ್ನು ಮರಳಿ ಕೊಟ್ಟರು. ಜತೆಗೆ, ಮೂರು ದಿಕ್ಕನ್ನೂ ಒಟ್ಟಿಗೆ ಗುಣಿಸುವ ಬದಲು ಒಂದು ದಿಕ್ಕು ಮುಗಿಸಿ ಇನ್ನೊಂದು ಹಿಡಿಯುವಂತೆ ಪ್ರೋಗ್ರಾಂ ತಿರುಗಿಸಿದರು. ಸಣ್ಣ ಮಾದರಿಯೊಂದರಲ್ಲಿ ಹಳೆಯ ದಾರಿ, ಹೊಸ ದಾರಿ ಎರಡನ್ನೂ ಓಡಿಸಿದರು. ಆರನೇ ದಶಾಂಶದವರೆಗೂ ಉತ್ತರ ಒಂದೇ.

ಶುಕ್ರವಾರ ಒಂಬತ್ತಕ್ಕೆ ಇಡೀ ಅಲಗಿನ ಲೆಕ್ಕ ಶುರು. ಮಧ್ಯಾಹ್ನ ಒಂದಕ್ಕೆ ಮುಗಿಯಿತು. ಹನ್ನೊಂದು ದಿನದ ಕೆಲಸ, ನಾಲ್ಕು ಗಂಟೆ! ಹೊಸ ಆಕಾರ ತಡೆಯುತ್ತದೆ. ಮುಖ್ಯ ಎಂಜಿನಿಯರ್ ಕಾಗದವನ್ನು ಎರಡು ಸಲ ತಿರುಗಿಸಿ ನೋಡಿ, ಹಳೆಯ ಸಹಿಯ ಮೇಲೆ ಗೀಟು ಎಳೆದರು. ಶನಿವಾರ ಎರಕವಾದದ್ದು ಹೊಸ ಅಲಗು. ಹದಿನಾಲ್ಕು ತಿಂಗಳಾಯಿತು, ಕೂದಲೆಳೆಯ ಬಿರುಕಿಲ್ಲ. “ಎಂಜಿನ್ ಮೇಲೆ ಟೀ ಲೋಟ ಇಟ್ರೆ ತುಳುಕಲ್ಲ ಕಣಕ್ಕಾ,” ಎನ್ನುತ್ತಾನೆ ತಮ್ಮ.

ಅಚ್ಚಾದ ವರದಿಯಲ್ಲಿ ಹನ್ನೊಂದು ಹೆಸರುಗಳಿವೆ. ಧೂಳು ಹೊಡೆಯಲು ಬಂದವರ ಹೆಸರಿಲ್ಲ. ಇವರಿಗೆ ಡಿಗ್ರಿಯಿಲ್ಲ ನಿಜ. ಆ ಹನ್ನೊಂದು ಜನಕ್ಕೆ ನಾಚಿಕೆಯಿಲ್ಲ. ಈಗ ಅಲ್ಲಿ ಎಲ್ಲ ಲೆಕ್ಕವೂ ಓಡುವುದು ಇವರ ಪ್ರೋಗ್ರಾಮಿನಲ್ಲೇ, ದಿನಕ್ಕೆ ಐದಾರು. ಸಿಟ್ಟು ಬರಲ್ವಾ ಎಂದರೆ ಲೆಕ್ಕದಕ್ಕ ಬ್ರಷ್ಷು ಕೆಳಗಿಟ್ಟು, ಅಂಕಿಗಳ ಹಾಳೆಯನ್ನು ಮುಂದೆ ತಳ್ಳುತ್ತಾರೆ.

“ದರ್ಜೆ ಏರಿದಷ್ಟೂ ಬಿಂದು ಜಾಸ್ತಿ ಅಂತ ನಾಲ್ಕನೇ ದರ್ಜೆಯ ಸ್ಪ್ಲೈನ್ ಅಂದ್ರೇನೇ ಹೆದರ್ತಿದ್ದೋರು, ಈಗ ಬಂದು ಬಾಗ್ಲಲ್ಲಿ ನಿಂತು ಆರನೇದು ಆಗತ್ತಾ ಅಕ್ಕಾ ಅಂತ ಕೇಳ್ತಾರೆ. ಕೇಳ್ಲಿ. ನಿನ್ನೆಗೇ ಆಯ್ತು.”