ಕ್ಯಾಲ್ಸಿಯಂ ಹಾಕೀನಲ್ಲ, ತಂಗಿ?

ಹುಮನಾಬಾದಿನ ಕೈಗಾರಿಕಾ ಪ್ರದೇಶದ ಸಣ್ಣ ಪ್ರಯೋಗಾಲಯವೊಂದರಲ್ಲಿ ನನ್ನ ಕೆಲಸ. ರೋಗ ಪತ್ತೆ ಮಾಡುವ ಕಿಟ್‌ಗಳಿಗಾಗಿ ಪ್ರತಿಕಾಯಗಳ ತುಣುಕುಗಳಿಗೆ ಹೊಳೆಯುವ ಬಣ್ಣ ಅಂಟಿಸುತ್ತೇವೆ. ಅಂಟಿಸುವುದು ನಾವಲ್ಲ, ಒಂದು ಕಿಣ್ವ. ತುಣುಕಿನ ತುದಿಯನ್ನು ಕತ್ತರಿಸಿ ಅಲ್ಲಿಗೇ ಬಣ್ಣ ಜೋಡಿಸುತ್ತದೆ. ಕ್ಯಾಲ್ಸಿಯಂ ಸಿಗದಿದ್ದರೆ ಅದು ಕೆಲಸ ಮಾಡುವುದಿಲ್ಲ.

ಆ ಕೆಲಸದಲ್ಲಿ ನನ್ನ ಸಮ ಯಾರೂ ಇರಲಿಲ್ಲ, ನಾವೆಲ್ಲ ಅಕ್ಕ ಎನ್ನುತ್ತಿದ್ದ ಅವರು ಬರುವವರೆಗೆ. ಗಂಡ ತೀರಿಹೋದ ಮೇಲೆ ನೌಕರಿಗೆ ಸೇರಿದ್ದರು, ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಬಸವಕಲ್ಯಾಣದಲ್ಲಿ ಬಸ್ ಹತ್ತಿ ಅವರಿಗೂ ಸೀಟು ಹಿಡಿಯುತ್ತಿದ್ದೆ, ಅವರು ರಾಜೇಶ್ವರದಲ್ಲಿ ಹತ್ತುತ್ತಿದ್ದರು. ಎರಡೇ ತಿಂಗಳಲ್ಲಿ ಅವರ ಕೆಲಸ ನನ್ನದಕ್ಕಿಂತ ಚೊಕ್ಕಟವಾಯಿತು. "ಅವರ ಕೈ ನೋಡಿ ಕಲೀರಿ" ಎಂದು ಸಾಹೇಬರು ಎಲ್ಲರೆದುರು ನನಗಂದರು.

ಒಂದು ಸೋಮವಾರ ಅದೇ ಸಾಹೇಬರು ನನ್ನನ್ನು ಕರೆದರು. "ಈ ಸಲ ಬಂದ ತುಣುಕಿನ ದ್ರಾವಣದಾಗ ಇಡಿಟಿಎ ಅದ. ಹಾಕಿದ ಕ್ಯಾಲ್ಸಿಯಂ ಎಲ್ಲಾ ಹಿಡಕೊಂಡುಬಿಡ್ತದ. ಮೊದಲು ಅದನ್ನ ತೆಗೀಬೇಕು. ಅಕ್ಕಾರಿಗೂ ಹೇಳ್ರಿ."

ನಾನು ಹೇಳಲಿಲ್ಲ.

ಅವರು ಮೂರು ದಿನ ದುಡಿದರು. ಕಿಣ್ವ ಬದಲಿಸಿದರು, ಬಣ್ಣ ಬದಲಿಸಿದರು, ಊಟ ಬಿಟ್ಟರು. ಹೊಳಪು ನೋಡುವ ಬೆಳಕಿನ ಪೆಟ್ಟಿಗೆಯಲ್ಲಿ ಪ್ರತಿ ಸಲವೂ ಕತ್ತಲೆಯೇ. ಪಕ್ಕದ ಮೇಜಿನಲ್ಲಿ ನನ್ನದು ಹೊಳೆಯುತ್ತಿತ್ತು. ನಾಲ್ಕನೆಯ ದಿನ ಸಾಹೇಬರು ಕೂಗಾಡಿದರು. "ಇಡಿಟಿಎ ತೆಗೀರಿ ಅಂತ ಹೇಳಿಲ್ಲೇನು?"

"ನನಗ ಯಾರೂ ಹೇಳಿಲ್ರಿ."

ಸಾಹೇಬರು ನನ್ನತ್ತ ತಿರುಗಿದರು. ನಾನು ತಡವರಿಸಲಿಲ್ಲ. "ಸೋಮವಾರ ಫ್ರಿಜ್ ಹತ್ರ ನಿಂತು ಹೇಳಿದ್ನಲ್ಲಕ್ಕಾ. ನೀವು ಹೂಂ ಅಂದ್ರಿ."

ಅಕ್ಕ ನನ್ನ ಮುಖವನ್ನೇ ನೋಡಿದರು. ಜಗಳಾಡುತ್ತಾರೆ ಅಂದುಕೊಂಡೆ. "ಆಕಿ ಹೇಳ್ಯಾಳಂದ್ರ ಹೇಳಿರಬೇಕ್ರಿ" ಅಂದರು. "ನಮ್ಮ ಮನಿಯವರು ಹೋದಾಗಿಂದ ನನಗ ಏನೂ ನೆನಪಿರವಲ್ದು."

ಅಲ್ಲಿಗೇ ಬಿಡಬಹುದಿತ್ತು. ಆದರೆ ಮಾರನೆಯ ದಿನದಿಂದ ಅವರು ಪ್ರತಿ ಹೆಜ್ಜೆಗೂ ನನ್ನನ್ನು ಕೇಳತೊಡಗಿದರು. "ಕ್ಯಾಲ್ಸಿಯಂ ಹಾಕೀನಲ್ಲ, ತಂಗಿ?" ಹಾಕಿದ್ದನ್ನು ನಾನೇ ಕಣ್ಣಾರೆ ನೋಡಿರುತ್ತಿದ್ದೆ. ಒಂದು ದಿನ "ಇಲ್ಲಕ್ಕಾ" ಅಂದೆ. ಅವರು ಮತ್ತೆ ಹಾಕಿದರು. ಅವಸರದಲ್ಲಿ ಅರ್ಧ ಮೇಜಿನ ಮೇಲೆ ಚೆಲ್ಲಿತು. ನನಗೆ ಒಳಗೊಳಗೇ ಹಿತವಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೂ ಹಾಗೆ ಮಾಡಿದೆ, ಬೇಸರವಾದಾಗಲೆಲ್ಲ.

ದೀಪಾವಳಿಗೆ ಮೊದಲೇ ಅವರು ಕೆಲಸ ಬಿಟ್ಟರು. ಕಿಟಕಿ ಪಕ್ಕದ ಅವರ ಮೇಜು ನನಗೆ ಬಂತು.

ಹೋದ ತಿಂಗಳು ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು, ಮಗಳ ಕೈ ಹಿಡಿದು ನಿಂತಿದ್ದರು. "ನಾ ಮರತದ್ದೆಲ್ಲಾ ನೆನಪು ಮಾಡಿಕೊಡ್ತಿದ್ಲಲ್ಲ, ಆಕಿನೇ ಈಕಿ" ಎಂದು ಮಗಳಿಗೆ ನನ್ನನ್ನು ತೋರಿಸಿದರು. ಆಮೇಲೆ ಚೀಲದಿಂದ ಗುಳಿಗೆಯ ಚೀಟಿ ತೆಗೆದರು. ಕಲಬುರಗಿಯ ಡಾಕ್ಟರು ಮರೆವಿಗೆ ಕೊಟ್ಟದ್ದಂತೆ. ತಿಂದರೆ ದಿನವಿಡೀ ಮಂಪರು, ನಾಲಗೆ ತೊದಲುತ್ತದೆ.

"ಬಿಟ್ಟುಬಿಡಲೇನು, ತಂಗಿ? ನೀ ಓದಿದಾಕಿ, ಹೇಳು."

ಹುಮನಾಬಾದಿನ ಬಸ್ಸು ಬಂದು ನಿಂತಿತ್ತು.

"ಬಿಡಬ್ಯಾಡ್ರಿ ಅಕ್ಕಾ" ಎಂದು ಹತ್ತಿ, ಕಿಟಕಿ ಪಕ್ಕದ ಸೀಟು ಹಿಡಿದೆ.