ಡ್ರಮ್ಮಿನ ಶುದ್ಧಿ

ಹೋದ ವರ್ಷ ಅವರೆಗೆ ಔಷಧಿ ಹೊಡೆಯುತ್ತಾ ಅಣ್ಣ ಹೊಲದಲ್ಲೇ ಬಿದ್ದಿದ್ದ. ತುಮಕೂರಿನ ಆಸ್ಪತ್ರೆಯಲ್ಲಿ ಒಂದು ವಾರ ಇದ್ದು ಬಂದ. "ಇನ್ನೊಂದು ಸಲ ಆ ವಿಷ ಮೂಗಿಗೆ ಹೋದರೆ ನನ್ನ ಹತ್ತಿರ ಕರೆತರುವ ಶ್ರಮ ಬೇಡ" ಎಂದಿದ್ದರು ಡಾಕ್ಟರು. ನಾವು ಔಷಧಿ ಎನ್ನುತ್ತಿದ್ದುದನ್ನು ಅದರ ನಿಜನಾಮದಿಂದ ಕರೆದ ಮೊದಲಿಗರು ಅವರು.

ಈ ವರ್ಷವೂ ಯಡಿಯೂರಿನ ಪಕ್ಕದ ನಮ್ಮ ಅವರೆಗೆ ಹುಳ ಬಿತ್ತು. ತುಮಕೂರಿನಲ್ಲಿರುವ ನಾನು ಒಂದು ಪುಡಿಯ ಪ್ಯಾಕೆಟ್ ಹಿಡಿದು ಊರಿಗೆ ಹೋದೆ. ಇದು ಮಣ್ಣಿನಲ್ಲಿ ತಾನಾಗಿ ಸಿಗುವ ಬ್ಯಾಕ್ಟೀರಿಯಾ, ತಿಂದ ಹುಳಕ್ಕೆ ಹೊಟ್ಟೆ ಕೆಡುತ್ತದೆ, ಹೊಡೆಯುವವನಿಗೆ ಹಳೆಯ ವಿಷದ ಭಯವಿಲ್ಲ ಎಂದು ಜಗಲಿಯ ಮೇಲೆ ನಿಂತು ಉಪನ್ಯಾಸ ಕೊಟ್ಟೆ.

"ತಕ್ಷಣ ಸಾಯಲ್ವೇನ್ಲಾ?" ಅಣ್ಣ ಕೇಳಿದ.

"ಮೂರು ದಿನ ಬೇಕು. ಮೊದ್ಲು ತಿನ್ನೋದು ಬಿಡ್ತವೆ."

"ಉಪವಾಸ ಕೆಡವಿ ಸಾಯ್ಸೋದಾ? ನಿನ್ನಂಗೇ ನಿಧಾನದ್ದು ತಂದಿದೀಯ ಬುಡು."

ಮರುದಿನ ಬಿಸಿಲಿಳಿದ ಮೇಲೆ ಡ್ರಮ್ಮಿನ ನೀರಿಗೆ ಪುಡಿ ಕಲಸಿ ಹೊಡೆದೆವು. ನಾಲ್ಕನೆಯ ದಿನವೂ ಹುಳಗಳು ಕ್ಷೇಮವಾಗಿದ್ದವು, ಕೊಂಚ ಮೈ ತುಂಬಿಕೊಂಡಿದ್ದವು. ಅಣ್ಣ ಕೊಟ್ಟಿಗೆಯ ಅಟ್ಟದಿಂದ ಹಳೆಯ ವಿಷದ ಬಾಟಲಿ ಇಳಿಸಿದ. ಅದನ್ನು ಕಂಡು ಅತ್ತಿಗೆ ಓಡಿಬಂದರು.

"ಡ್ರಮ್ ನೀರ್ಗೆ ಬ್ಲೀಚಿಂಗ್ ಪೌಡ್ರು ಹಾಕಿದ್ದು ತಪ್ಪಾಯ್ತೇನಪ್ಪ?"

ಬ್ಯಾಕ್ಟೀರಿಯಾ ಎಂಬ ಮಾತೇ ಅವರನ್ನು ಹೆದರಿಸಿತ್ತು. ಆಸ್ಪತ್ರೆ ಕಂಡು ಬಂದ ಗಂಡನ ಬೆನ್ನಿಗೆ ಪಂಪಿನಲ್ಲಿ ಏರುವ ನೀರು ಶುದ್ಧವಾಗಿರಲೆಂದು, ಹೊಡೆಯುವ ದಿನ ಬೆಳಿಗ್ಗೆಯೇ ಸ್ನಾನ ಮಾಡಿ, ಮನೆಯ ತೊಟ್ಟಿಗೆ ಹಾಕುವ ಪುಡಿಯನ್ನು ಡ್ರಮ್ಮಿಗೂ ಎರಡು ಹಿಡಿ ಸುರಿದಿದ್ದರು. ನನ್ನ ಬ್ಯಾಕ್ಟೀರಿಯಾಗಳು ಹೊಲ ಕಾಣುವ ಮೊದಲೇ ಸದ್ಗತಿ ಪಡೆದಿದ್ದವು.

ಅದನ್ನು ತಿಳಿಸಿದಾಗ ಅತ್ತಿಗೆ ಕೇಳಿದರು, "ಜೀವ ಇರೋ ಪುಡಿ ಅಂತ ಒಂದು ಮಾತು ಹೇಳ್ಬಾರ್ದಿತ್ತಾ?"

ನನ್ನ ಉಪನ್ಯಾಸದಲ್ಲಿ ಅದೊಂದು ಬಿಟ್ಟು ಎಲ್ಲವೂ ಇತ್ತು.

ಅಣ್ಣ ಬಾಟಲಿಯನ್ನು ಕೆಳಗಿಟ್ಟ. ಆಮೇಲೆ, "ಇನ್ನೊಂದ್ ಪ್ಯಾಕೆಟ್ ತಗಂಬಾ. ಅರ್ಧ ಕಾಯಿ ಹೋದ್ರೆ ಹೋಗ್ಲಿ" ಎಂದ.

ಕುಣಿಗಲ್‌ನಿಂದ ಇನ್ನೊಂದು ಪ್ಯಾಕೆಟ್ ತಂದೆ. ಡ್ರಮ್ ತೊಳೆದು ಬೋರಿನ ನೀರು ತುಂಬಿದೆವು. ಅತ್ತಿಗೆ ಡ್ರಮ್ಮಿನ ಹತ್ತಿರ ಸುಳಿಯದೆ, ಬದುವಿನ ಮೇಲೆ ನಿಂತು, ಅಣ್ಣನ ಮೂಗಿಗೆ ಕಟ್ಟಿದ್ದ ಟವೆಲ್ ಜಾರುತ್ತದೇನೋ ಎಂದು ನೋಡುತ್ತಲೇ ಇದ್ದರು.

ಮೂರನೆಯ ಬೆಳಿಗ್ಗೆ ಹುಳಗಳು ಕಪ್ಪಾಗಿ ಗಿಡಗಳಿಂದ ಜೋತುಬಿದ್ದಿದ್ದವು. ಒಂದನ್ನು ಅಣ್ಣ ಅಂಗೈಯಲ್ಲಿಟ್ಟು ತೋರಿಸಿದ. ಅತ್ತಿಗೆ ಅವನ ಮುಖವನ್ನೇ ನೋಡುತ್ತಾ ಕೇಳಿದರು, "ಉಸ್ರು ಸಲೀಸಾಗಿ ಆಡ್ತೈತಾ?"

"ಯಾರಿಗೆ, ಹುಳಕ್ಕಾ?"

ಅವರು ನಗಲಿಲ್ಲ. ನಾನು ಹೊರಟಾಗ ಆ ಬಾಟಲಿಯನ್ನು ಎರಡು ಕವರಿನಲ್ಲಿ ಸುತ್ತಿ ನನ್ನ ಕೈಗಿಟ್ಟರು. "ತಂದಿದ್ ಅಂಗಡಿಗೇ ಕೊಟ್ಬುಡಪ್ಪ. ಈ ಮನೇಲಿ ಬ್ಯಾಡ."